ರೆಫರಿಯ ಮೀಸೆ

ಫೆಬ್ರವರಿ 3

ಪುಟ್ಟಿ,

ನೀನು ಕಳಿಸಿದ ಕಟ್ಟು ನಿನ್ನೆ ಅಂಗಡಿಗೆ ಬಂತು. ಯಾರೋ ಹೆಂಗಸು ಕಣ್ಣು ಪರೀಕ್ಷೆಗೆ ಕೂತಿದ್ದರು. ಅವರನ್ನ ಅಕ್ಷರದ ಫಲಕದ ಮುಂದೆ ಹಾಗೇ ಬಿಟ್ಟು ಒಳಗೆ ಓಡಿದೆ. ವಾಪಸ್ ಬರೋ ಹೊತ್ತಿಗೆ ಪಾಪ ಅವರು ಕೊನೇ ಸಾಲನ್ನೂ ಬಾಯಿಪಾಠ ಮಾಡ್ಕೊಂಡಿದ್ದರು. ಈಗ ಅವರ ನಂಬರ್ ಸರಿಯೋ ತಪ್ಪೋ ದೇವರೇ ಬಲ್ಲ.

ಮೂರು ಪುಸ್ತಿಕೆಗಳೂ ನಮ್ಮ ಫುಟ್‌ಬಾಲ್ ಕ್ಲಬ್ಬಿನವೇ ಕಣೇ. ಆಗೆಲ್ಲ ಮ್ಯಾಚಿನ ದಿನ ಗೇಟಿನ ಹತ್ತಿರ ಇವನ್ನ ಮಾರ್ತಿದ್ದರು, ಜನ ಆಟಗಾರರ ಹೆಸರು ನೋಡಿ ಅದನ್ನೇ ಕೆಳಗೆ ಹಾಸ್ಕೊಂಡು ಕೂತು, ಆಟ ಮುಗಿದ ಮೇಲೆ ಅಲ್ಲೇ ಬಿಟ್ಟು ಎದ್ದು ಹೋಗ್ತಿದ್ದರು. ಅದಕ್ಕೇ ಇವತ್ತು ಒಂದೊಂದಕ್ಕೂ ನಾವು ಬಾಯಿ ಬಾಯಿ ಬಿಡೋದು. ಒಂದರಲ್ಲಿ ಹನ್ನೊಂದು ಜನರ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ, 'ಬದಲಿ ಗೋಲ್‌ಕೀಪರ್' ಅಂತ ಅಪ್ಪನ ಹೆಸರಿದೆ. ಅಪ್ಪ ವರ್ಷಗಟ್ಟಲೆ ಆಟಕ್ಕಿಳಿಯದೆ ಬೆಂಚು ಬಿಸಿ ಮಾಡಿದ್ದಕ್ಕೂ ಕೊನೆಗೊಂದು ಸಾಕ್ಷಿ ಸಿಕ್ಕಿತು. ನಾನು ಅತ್ತುಬಿಟ್ಟೆ ಅಂತ ಬೇರೆ ಹೇಳಬೇಕಾಗಿಲ್ಲ.

ನಮ್ಮ ಫೋನ್ ಗುಂಪು, ಅದೇ 'ಹಳೇ ಗ್ಯಾಲರಿ', ಈಗ ಜೋರಾಗಿ ನಡೀತಿದೆ. ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ನಾನು 'ಭೂತಗನ್ನಡಿ', ಶಾಲೇಲಿ ಆಟ ಕಲಿಸ್ತಿದ್ದ ಹಿರಿಯರೊಬ್ಬರು 'ಸೀಟಿ ಮಾಸ್ತರ್'. ಹೊಸಬನೊಬ್ಬ ಸೇರಿದ್ದಾನೆ, 'ಮೂಲೆ ಬಾವುಟ' ಅಂತ. ಒಳ್ಳೇ ಮನುಷ್ಯ, ತಿಳಿದುಕೊಳ್ಳೋ ಆಸೆ ಬಹಳ. ನಮ್ಮ ಕಟ್ಟುನಿಟ್ಟು ಅವನಿಗೆ ಹಿಡಿಸಿದೆ. ಕೈ ಬದಲಾಗೋ ಪ್ರತಿ ವಸ್ತುವಿನ ಜೊತೆಗೂ ಅದು ಎಲ್ಲಿ ಸಿಕ್ಕಿತು ಅಂತ ಒಂದು ಚೀಟಿ ಹೋಗಬೇಕು, ಆ ಚೀಟೀಲಿ ಸುಳ್ಳಿರಬಾರದು. ಇಲ್ಲದಿದ್ದರೆ ನಕಲಿ ಮಾಲಿನ ಸಂತೆ ಆಗಿಬಿಡುತ್ತೆ.

ಆ ನಿನ್ನ ಗಂಡನ ಸುದ್ದಿ ಏನೂ ಇಲ್ಲ. ಅಂಗಡಿ ಮುಂದೆ ನಿಂತು ಕೂಗಾಡೋದು ಬಿಟ್ಟು ಮೂರು ತಿಂಗಳಾಯ್ತು. ಸುಸ್ತಾಗಿರಬೇಕು. ನೀನು ಇರೋ ಊರಿನ ಮಾತು ನನ್ನ ಬಾಯಿಂದ ಒಬ್ಬರ ಮುಂದೂ ಬಂದಿಲ್ಲ, ಬರೋದೂ ಇಲ್ಲ. ಧೈರ್ಯವಾಗಿರು.

ಮರಿಗೆ ಅವಳ ಮಾವನ ಮುದ್ದು.

ನಿನ್ನ
ಅಣ್ಣ


ಫೆಬ್ರವರಿ 16

ಅಣ್ಣ,

ಅವನು ಸುಸ್ತಾಗೋ ಪೈಕಿ ಅಲ್ಲ. ಅವನು ಕೂಗಾಡ್ತಿದ್ದರೆ ನನಗೆ ಅಷ್ಟು ಭಯವಿಲ್ಲ, ಸುಮ್ಮನಾದರೇ ಭಯ. ನನ್ನ ಮಣಿಕಟ್ಟು ಮುರಿದ ದಿನ ಬೆಳಗಿನಿಂದ ಅವನು ಒಂದೇ ಒಂದು ಮಾತೂ ಆಡಿರಲಿಲ್ಲ. ಎಲ್ಲಿಗೆ ಹೋದರೂ ಹುಡುಕ್ತೀನಿ, ಮೊದಲು ಮಗಳು ಆಮೇಲೆ ನೀನು ಅಂತ ಅಂದದ್ದೂ ಎಷ್ಟು ಮೆತ್ತಗೆ ಅಂದರೆ, ಪಕ್ಕದ ಕೋಣೇಲಿದ್ದವರಿಗೆ ಕೇಳಿರಲಿಕ್ಕಿಲ್ಲ. ಅದನ್ನ ನೀನು ಮರೀಬೇಡ.

ನಾನು ಚೆನ್ನಾಗಿದೀನಿ. ಆಸ್ಪತ್ರೆ ಬಟ್ಟೆ ಕೋಣೇಲಿ ಕೆಲಸ ಕಾಯಂ ಆಗೋ ಹಾಗಿದೆ. ದಿನವಿಡೀ ಹೊದಿಕೆ, ದಿಂಬಿನ ಚೀಲ, ಡಾಕ್ಟರರ ನಿಲುವಂಗಿ. ದೊಡ್ಡ ಇಸ್ತ್ರಿ ಯಂತ್ರದ ಈಚೆ ನಾನು, ಆಚೆ ಒಬ್ಬಳು ಬಾಯಿಬಡುಕಿ. ಅವಳ ಪುರಾಣ ಕೇಳ್ತಾ ಕೇಳ್ತಾ ಹೊತ್ತು ಹೋದದ್ದೇ ಗೊತ್ತಾಗಲ್ಲ. ಅಲ್ಲಿ ನನಗೆ ಬೇರೆ ಹೆಸರು. ಏನು ಅಂತ ನಿನಗೂ ಹೇಳಲ್ಲ, ಬೇಜಾರು ಮಾಡ್ಕೋಬೇಡ. ನೀನು ಮನೆ ಒಡತಿ ನರ್ಸಮ್ಮನ ಹೆಸರಿಗೇ ಕಾಗದ ಬರಿ. ಫೋನ್ ಮಾತ್ರ ಕೇಳಬೇಡ. ಹಿಂದಿನ ಊರಲ್ಲಿ ಫೋನ್ ಇಟ್ಕೊಂಡಿದ್ದಕ್ಕೇ ತಾನೇ ಅವನು ಬಾಗಿಲಿಗೆ ಬಂದು ನಿಂತದ್ದು.

ಆಸ್ಪತ್ರೆ ಹಿಂದಿನ ರದ್ದಿ ಅಂಗಡಿಯವನು ಈಗ ನನಗೋಸ್ಕರ ಹಳೇ ಪುಸ್ತಿಕೆ ಎತ್ತಿಡ್ತಾನೆ. ಈಯಮ್ಮನಿಗೆ ಏನೋ ಹೆಚ್ಚುಕಮ್ಮಿ ಆಗಿದೆ ಅಂತ ಅಂದುಕೊಂಡಿದ್ದಾನೆ. ಅಲ್ಲಿ ಕೂತು ಪುಟ ತಿರುವೋ ಅರ್ಧ ಗಂಟೆ ನನಗೆ ಅಪ್ಪನ ಮನೇಲಿ ಕೂತ ಹಾಗಿರುತ್ತೆ. ಮರಿ ಹರಿದ ದಿಂಬಿನ ಚೀಲ ಉಂಡೆ ಕಟ್ಟಿ ಒದೀತಾಳೆ, ನರ್ಸಮ್ಮನ ಹೂಕುಂಡ ಒಂದು ಹೋಯ್ತು. ಈ ವಾರ ಊರ ಮೈದಾನದಲ್ಲಿ ಒಂದು ಮ್ಯಾಚಿತ್ತು. ಹೋಗಬಾರದು ಅಂದುಕೊಂಡೂ ಹೋದೆವು. ಅವಳು ಕಿರುಚಿದ್ದಕ್ಕೆ ಇನ್ನೂ ಗಂಟಲು ಬಂದಿಲ್ಲ.

ನಿನ್ನ ಗುಂಪಿನವರು ಯಾರು ಎತ್ತ, ಎಲ್ಲರ ಮುಖ ನೋಡಿದ್ದೀಯಾ? ಸುಮ್ಮನೆ ಕೇಳಿದೆ.

ನಿನ್ನ
ಪುಟ್ಟಿ


ಮಾರ್ಚ್ 9

ಪುಟ್ಟಿ,

ಮೊದಲು ಈ ಲಕೋಟೇಲಿರೋ ಫೋಟೋ ನೋಡು. ಕಾಗದ ಆಮೇಲೆ ಓದು.

ನೋಡಿದೆಯಾ? ಬಲಗಡೆ ಕೊನೇಲಿ, ಕೈಗವಸು ಹಾಕ್ಕೊಂಡು, ಹೊಟ್ಟೆ ಒಳಗೆಳಕೊಂಡು ನಿಂತಿರೋದು ಅಪ್ಪ. ಇಂಥದ್ದೊಂದು ಫೋಟೋ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಫೋನಿಂದ ಪ್ರಿಂಟ್ ಹಾಕಿಸಿ ಕಳಿಸ್ತಿದೀನಿ. ಮೂಲೆ ಬಾವುಟ ಇದನ್ನ ಗುಂಪಿಗೆ ಹಾಕಿದಾಗ ಗಿರಾಕಿಯ ಕನ್ನಡಕ ಕೈಯಲ್ಲಿ ಹಿಡ್ಕೊಂಡೇ ಗೊಳೋ ಅಂತ ಅತ್ತುಬಿಟ್ಟೆ. ಗಿರಾಕಿ, ನನ್ನ ಕಣ್ಣಿನ ನಂಬರ್ ಅಷ್ಟು ಕೆಟ್ಟಿದೆಯಾ ಅಂತ ಗಾಬರಿಯಾದರು.

ಇದು ಯಾವ ಸೀಸನ್ನಿನದು ಅಂತ ಗುಂಪಲ್ಲಿ ವಾರಗಟ್ಟಲೆ ಜಗಳ. ಸೀಟಿ ಮಾಸ್ತರ್ ಅಂಗಿಯ ಪಟ್ಟೆ ನೋಡಿ ಒಂದು ವರ್ಷ ಹೇಳಿದರು. ನಾನು ಭೂತಗನ್ನಡಿ ಹಿಡಿದು ಮಧ್ಯದಲ್ಲಿ ನಿಂತ ರೆಫರಿಯನ್ನ ನೋಡಿದೆ. ಗಿರಿಜಾ ಮೀಸೆ. ನಮ್ಮ ಮೈದಾನಕ್ಕೆ ಮೀಸೆ ರೆಫರಿ ಬಂದದ್ದು ಒಂದೇ ಒಂದು ಸೀಸನ್. ಹಾಗಾಗಿ ವರ್ಷ ನಿಕ್ಕಿಯಾಯ್ತು. ಎಲ್ಲರೂ ಒಪ್ಪಿದರು, ಮಾಸ್ತರರಂತೂ ಸೋತೆ ಕಣಯ್ಯ ಅಂದುಬಿಟ್ಟರು. ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಒಂದೇ ಕೊರತೆ. ಫೋಟೋ ಹಾಕಿದವರು ಹಿಂಬದೀನೂ ತೋರಿಸಬೇಕು ಅನ್ನೋದು ನಮ್ಮ ಪದ್ಧತಿ, ಫೋಟೋ ತೆಗೆದವರ ಮೊಹರು ಅಲ್ಲೇ ಇರೋದು. ಇವನು ಮಾತ್ರ ರಟ್ಟಿಗೆ ಅಂಟಿಸಿಬಿಟ್ಟಿದೆ, ಕೀಳೋಕಾಗಲ್ಲ ಅಂದ. ಹೋಗಲಿ ಅಂತ ಬಿಟ್ಟೆ. ಇಷ್ಟು ದೊಡ್ಡ ಉಪಕಾರ ಮಾಡಿದವನಿಗೆ ಬರಿಗೈ ತೋರಿಸೋಕಾಗುತ್ತಾ? ನೀನು ಕಳಿಸಿದ್ದರಲ್ಲಿ ಒಂದೇ ಮ್ಯಾಚಿನ ಪುಸ್ತಿಕೆ ಎರಡಿತ್ತಲ್ಲ, ಅದರಲ್ಲೊಂದನ್ನ ಅವನು ಹೇಳಿದ ಅಂಚೆಪೆಟ್ಟಿಗೆ ನಂಬರಿಗೆ ಕಳಿಸಿದೆ. ಅವನು ಕುಣಿದಾಡಿಬಿಟ್ಟ.

ಗುಂಪಿನ ಎಲ್ಲರ ಮುಖ ನೋಡಿಲ್ಲ. ಇಂಥ ಹುಚ್ಚು ಇರೋರು ಕೆಟ್ಟವರಾಗಿರೋಕೆ ಸಾಧ್ಯ ಇಲ್ಲ ಕಣೇ. ನೀನು ಸುಮ್ಮನೆ ಹೆದರ್ತೀಯ.

ನಿನ್ನ
ಅಣ್ಣ


ಮಾರ್ಚ್ 15

ಅಣ್ಣ,

ಆ ಮೀಸೆ ಬರೆದವಳು ನಾನು.

ನೀನಾಗ ದೊಡ್ಡಪ್ಪನ ಮನೇಲಿದ್ದು ಕನ್ನಡಕದ ಗಾಜು ಉಜ್ಜೋ ಕೆಲಸ ಕಲೀತಿದ್ದೆ. ಅಪ್ಪ ಈ ಫೋಟೋ ಮನೆಗೆ ತಂದ ದಿನವೇ ನಾನು ಪೆನ್ನು ತಗೊಂಡು ರೆಫರಿಗೆ ಮೀಸೆ ಬರೆದೆ. ಅವರಿಗೆ ಮೀಸೆಯೂ ಇರಲಿಲ್ಲ, ಗಡ್ಡವೂ ಇರಲಿಲ್ಲ. ಅಮ್ಮ ಸೌಟು ತಗೊಂಡು ಅಟ್ಟಿಸಿಕೊಂಡು ಬಂದರು, ಅಪ್ಪ ಹೊಟ್ಟೆ ಹಿಡ್ಕೊಂಡು ನಕ್ಕರು. ಬೇರೆ ಆಟಗಾರರ ಮನೇಲೂ ಈ ಫೋಟೋ ಇರಬಹುದು. ಮೀಸೆ ಇರೋದು ಮಾತ್ರ ಒಂದೇ. ಮದುವೆಯಾದಾಗ ಅಮ್ಮ ಅದನ್ನ ನನ್ನ ಪೆಟ್ಟಿಗೇಲಿಟ್ಟರು. ಮಗೂನ ಎತ್ಕೊಂಡು ಆ ಮನೆ ಬಿಟ್ಟು ಓಡಿದಾಗ ಅದು ಬೀರೂವಿನಲ್ಲೇ ಉಳೀತು.

ಇನ್ನೂ ಬಿಡಿಸಿ ಹೇಳಬೇಕಾ? ನಿನ್ನ ಮೂಲೆ ಬಾವುಟ ಯಾರು ಅಂತ ಗೊತ್ತಾಯ್ತಲ್ಲ. ನಿನ್ನ ಹುಚ್ಚು ಅವನಿಗೆ ಚೆನ್ನಾಗಿ ಗೊತ್ತಿತ್ತು. ಊಟಕ್ಕೆ ಕೂತಾಗ ನಿನ್ನ ಹಾಗೇ ಭೂತಗನ್ನಡಿ ಹಿಡಿದು ಅನ್ನದ ಅಗುಳು ನೋಡಿ ಆಡಿಕೊಂಡು ನಗ್ತಿದ್ದ. ಕೂಗಾಡಿ ಸಿಗದ್ದು ನಯವಾಗಿ ಕೇಳಿದರೆ ಸಿಗುತ್ತೆ ಅಂತ ಕಂಡುಕೊಂಡಿದ್ದಾನೆ.

ಲಕೋಟೆ ಒಡೆದಾಗ ಅಪ್ಪನ ಮುಖ ನೋಡಿ ಖುಷಿಯಾಯ್ತು. ಒಂದು ಗುಟುಕು ಚಹಾ ಕುಡಿಯೋವಷ್ಟು ಹೊತ್ತು. ಆಮೇಲೆ ಮೀಸೆ ಕಾಣಿಸ್ತು. ಎದ್ದು ಬಾಗಿಲು ಹಾಕಿ, ಚಿಲಕ ಹಾಕಿ, ಮರಿಯನ್ನ ಹಿಡ್ಕೊಂಡು ಮಂಚದ ಆ ಕಡೆ ನೆಲದ ಮೇಲೆ ಕೂತೆ. ಹಾಗೆ ಯಾಕೆ ಕೂತೆ ಅಂತ ಅವಳು ಕೇಳಲೇ ಇಲ್ಲ. ಅವಳಿಗೆ ಅಭ್ಯಾಸ ಆಗಿಹೋಗಿದೆ, ಅದೇ ನನಗೆ ಹೊಟ್ಟೆ ಉರಿಯೋದು.

ಈಗ ನನಗೆ ಒಂದೇ ಪ್ರಶ್ನೆ. ಅವನಿಗೆ ಕಳಿಸಿದ ಪುಸ್ತಿಕೆಯ ಜೊತೆ ಚೀಟಿ ಇಟ್ಟೆಯಾ? ಅದರಲ್ಲಿ ಏನು ಬರೆದೆ?

ಪುಟ್ಟಿ


ಮಾರ್ಚ್ 19

ಪುಟ್ಟಿ,

ಇದನ್ನ ಅಂಚೆಗೆ ಹಾಕ್ತಿಲ್ಲ. ನಿಮ್ಮ ಊರಿನ ಬಸ್ಸಿನ ಕಂಡಕ್ಟರ್ ನನ್ನ ಗಿರಾಕಿ, ಅವರ ಕೈಗೆ ಕೊಟ್ಟು ನರ್ಸಮ್ಮನ ಕೈಗೇ ತಲುಪಿಸಿ ಅಂತ ಕಾಲು ಹಿಡಿಯೋದೊಂದು ಬಾಕಿ.

ಚೀಟಿ ಇಟ್ಟೆ. ಊರಿನ ಹೆಸರು ಬರೆದೆ. 'ದೊಡ್ಡ ಆಸ್ಪತ್ರೆ ಹಿಂದಿನ ರದ್ದಿ ಅಂಗಡಿ' ಅಂತ ಬರೆದೆ. ನಿನ್ನ ಹೆಸರಾಗಲಿ, ತಂಗಿ ಅನ್ನೋ ಮಾತಾಗಲಿ ಎಲ್ಲೂ ಬರೆಯಲಿಲ್ಲ, ಅದಕ್ಕೇ ಏನೂ ಹೇಳಿಲ್ಲ ಅಂತಲೇ ನಂಬಿದ್ದೆ. ಅದು ನನ್ನ ಕಣ್ಣಿಗೆ ಒಂದು ಪುಸ್ತಿಕೆಯ ಹುಟ್ಟೂರು ಅಷ್ಟೆ. ಪುಟ್ಟಿ, ನಾನು ಸುಳ್ಳು ಬರೀಬಾರದು ಅಂತ ಬರೆದೆ ಕಣೇ. ನನ್ನ ಕೈ ಕಡಿದುಹಾಕಬೇಕು ಅನ್ನಿಸ್ತಿದೆ.

ನಿನ್ನ ಕಾಗದ ಓದಿದ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿದೆ. ನಿನ್ನ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂದರು. ಬಟ್ಟೆ ಕೋಣೆ, ಚಿಕ್ಕ ಹೆಣ್ಣುಮಗುವಿನ ತಾಯಿ ಅಂತೆಲ್ಲ ತೊದಲಿದೆ. ನೀವು ಯಾರು, ಯಾಕೆ ಕೇಳ್ತೀರಿ ಅಂತ ಆ ಕಡೆಯಿಂದ ಗದರಿದರು. ಅವರು ಗದರಿದ್ದು ಕೇಳಿ ಸಮಾಧಾನ ಆಯ್ತು, ನನ್ನನ್ನ ಗದರಿದ ಹಾಗೇ ಅವನನ್ನೂ ಗದರಲಿ. ಠಾಣೆಗೂ ಹೋದೆ. ಫೋಟೋ ಹಂಚಿಕೊಂಡರೆ ಯಾವ ಅಪರಾಧ, ಇದು ಮನೆ ಜಗಳ ಅಂದರು.

ನಾನೇ ಹೊರಟು ಬರೋಣ ಅಂತ ಬಸ್ ನಿಲ್ದಾಣದ ತನಕ ಹೋಗಿದ್ದೆ. ಹತ್ತಲಿಲ್ಲ. ಅವನು ನನ್ನ ಹಿಂದೆಯೇ ಬಂದರೆ? ನಾನೇ ಅವನನ್ನ ಕೈ ಹಿಡ್ಕೊಂಡು ನಿನ್ನ ಬಾಗಿಲಿಗೆ ತಂದು ಬಿಟ್ಟ ಹಾಗಾಗುತ್ತೆ. ನಿಲ್ದಾಣದಲ್ಲಿ ಪ್ರತಿಯೊಬ್ಬರ ಬೆನ್ನೂ ಅವನ ಬೆನ್ನಿನ ಹಾಗೇ ಕಾಣಿಸ್ತು.

ಅದಕ್ಕೇ ಒಂದು ಕೆಲಸ ಮಾಡಿದೀನಿ. ಅಪ್ಪನ ಹೆಸರಿರೋ ಆ ಪುಸ್ತಿಕೆಯನ್ನೇ ಅವನಿಗೆ ಕಳಿಸಿದೆ. ಅದರ ಚೀಟೀಲಿ ದೂರದ ಬಂದರು ಪಟ್ಟಣವೊಂದರ ಹೆಸರು ಬರೆದು, ನನಗೆ ಪುಸ್ತಿಕೆ ಹುಡುಕಿಕೊಡೋರು ಈಗ ಅಲ್ಲಿಗೆ ಹೋಗಿದ್ದಾರೆ ಅಂತ ಸೇರಿಸಿದೆ. ನಾನು ಬರೆದ ಮೊದಲನೇ ಸುಳ್ಳು ಚೀಟಿ. ಅವನು ನಂಬಲಿ, ಆ ಕಡೆ ಹೋಗಲಿ. ಗುಂಪಲ್ಲಿ ಅವನು ನಿನ್ನೆ ಬರೆದದ್ದು ಹೇಳಲೇಬೇಕು. 'ಆ ರದ್ದಿ ಅಂಗಡಿಯನ್ನ ಒಂದು ಸಲ ಕಣ್ಣಾರೆ ನೋಡಬೇಕು' ಅಂತ ಬರೆದಿದ್ದಾನೆ.

ಹೊರಡು. ಸಾಮಾನು ಕಟ್ಟೋಕೂ ನಿಲ್ಲಬೇಡ.

ಅಣ್ಣ


ಮಾರ್ಚ್ 21

ಅಣ್ಣ,

ಹೊರಟೆವು. ಎಲ್ಲಿಗೆ ಅಂತ ಬರೆಯಲ್ಲ. ನರ್ಸಮ್ಮನಿಗೂ ಹೇಳಿಲ್ಲ, ಹೇಳಬೇಡ ಅಂತ ಅವರೇ ಅಂದರು.

ನಿನ್ನ ಮೇಲೆ ಸಿಟ್ಟಿದೆ. ಇಲ್ಲ ಅಂದರೆ ಸುಳ್ಳಾಗುತ್ತೆ. ಕೆಲಸ ಕಾಯಂ ಆಗೋ ಹೊತ್ತಿಗೆ, ಮರಿಗೆ ಶಾಲೇಲಿ ಒಬ್ಬಳು ಗೆಳತಿ ಸಿಕ್ಕಿದ ಹೊತ್ತಿಗೆ, ಎಲ್ಲ ಮಣ್ಣುಪಾಲಾಯ್ತು. ಆದರೆ ನಿನ್ನ ಬಿಟ್ಟರೆ ನನಗೆ ಬೇರೆ ಯಾರಿದ್ದಾರೆ, ಅದಕ್ಕೇ ಈ ಸಿಟ್ಟು ಹೊರಲಾಗ್ತಿಲ್ಲ.

ಇನ್ಮೇಲೆ ಕಾಗದ ಬರೆಯಲ್ಲ. ನೀನೂ ಹುಡುಕಬೇಡ. ನಿನಗೆ ಅದು ಎಷ್ಟು ಕಷ್ಟ ಅಂತ ಗೊತ್ತು. ಯಾವುದೋ ಕಾಲದ ಫೋಟೋದಲ್ಲಿ ಬೇಲಿ ಆಚೆ ನಿಂತವನ ಹೆಸರು ಸಿಗದಿದ್ದರೆ ನಿನಗೆ ಅನ್ನ ಸೇರಲ್ಲ. ನಿನಗೆ ಗೊತ್ತಾದದ್ದು ಒಂದಲ್ಲ ಒಂದು ದಾರೀಲಿ ಅವನಿಗೆ ಗೊತ್ತಾಗುತ್ತೆ. ನೀನು ಒಳ್ಳೆಯವನು, ಅದಕ್ಕೇ ಹಾಗಾಗುತ್ತೆ.

ಮರಿ ನಿನಗೆ ಮುತ್ತು ಕಳಿಸಿದ್ದಾಳೆ. ಮತ್ತೆ ಯಾವಾಗ ಅಂತ ಕೇಳಬೇಡ. ನನಗೂ ಗೊತ್ತಿಲ್ಲ.

ಪುಟ್ಟಿ


ಏಪ್ರಿಲ್ 6

ಕನ್ನಡಕದ ಅಂಗಡಿಯವರಿಗೆ,

ನಾನು ನಿಮ್ಮ ತಂಗಿ ಬಾಡಿಗೆಗಿದ್ದ ಮನೆಯ ಒಡತಿ. ನರ್ಸ್ ಆಗಿದ್ದವಳು, ಸುತ್ತಿ ಬಳಸಿ ಮಾತಾಡೋಕೆ ಬರಲ್ಲ, ಬೇಜಾರಾಗಬೇಡಿ. ಅವರಿಬ್ಬರೂ ಹೋದದ್ದು ನಿಮಗೆ ಗೊತ್ತಿರಬೇಕು. ಹೋಗಿದ್ದು ಒಳ್ಳೇದಾಯ್ತು.

ನಿನ್ನೆ ಒಬ್ಬ ಮನುಷ್ಯ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ನಯವಾದ ಮಾತು. ರದ್ದಿ ಅಂಗಡಿಯವನು ಪಾಪ ಏನೂ ಅರಿಯದೆ ಮನೆ ತೋರಿಸಿಬಿಟ್ಟಿದ್ದಾನೆ. ಹಳೇ ಫುಟ್‌ಬಾಲ್ ಫೋಟೋ ಒಂದನ್ನ ಮುಂದಿಟ್ಟು, ಇದರಲ್ಲಿರೋ ಗೋಲ್‌ಕೀಪರನ ಮಗಳು ಇಲ್ಲಿದ್ದಾಳಂತೆ, ಅವಳಿಗೆ ಕೊಡೋಣ ಅಂತ ಬಂದೆ ಅಂದ. ಅಂಥವರು ಯಾರೂ ಇಲ್ಲ ಅಂದೆ. ಒಂದು ಲೋಟ ನೀರು ಕೇಳಿದ. ನಾನು ಕೊಡಲಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಯಾರಿಗೂ ನೀರು ಇಲ್ಲ ಅಂದವಳಲ್ಲ, ಆದರೆ ನೀರು ತರೋಕೆ ಒಳಗೆ ಹೋದರೆ ಅವನೂ ಒಳಗೆ ಬರ್ತಾನೆ ಅಂತ ಅನ್ನಿಸ್ತು.

ಅವನ ಕಣ್ಣು ನನ್ನ ಮೇಲಿರಲಿಲ್ಲ. ಅಂಗಳದಲ್ಲಿ ಮಗು ಬಿಟ್ಟುಹೋದ ಬಟ್ಟೆ ಉಂಡೆ ಬಿದ್ದಿತ್ತು, ಅದನ್ನೇ ನೋಡ್ತಾ ನಿಂತ. ಆಮೇಲೆ ಕಾಲಲ್ಲಿ ಮೆಲ್ಲಗೆ ಅದನ್ನ ಗೋಡೆ ಪಕ್ಕಕ್ಕೆ ಸರಿಸಿದ. ಹೋಗ್ತಾ, ಕನ್ನಡಕದ ಅಂಗಡಿಯವರಿಗೊಂದು ಮಾತು ಹೇಳಿ ಅಂದ. ನನಗೆ ಅರ್ಥ ಆಗಲಿಲ್ಲ, ಅವನಂದ ಹಾಗೇ ಬರೀತೀನಿ: "ಕೊನೇ ಚೀಟೀಲಿ ಅವರ ಕೈಬರಹ ನಡುಗಿದೆ. ಆರೋಗ್ಯ ನೋಡ್ಕೊಳ್ಳೋಕೆ ಹೇಳಿ."

ಅವನು ಹೋದ ಮೇಲೆ ಗೇಟಿಗೆ ಬೀಗ ಹಾಕಿ ಬಂದೆ. ನನಗೆ ಅವರು ಎಲ್ಲಿದ್ದಾರೆ ಗೊತ್ತಿಲ್ಲ. ಯಾರು ಬಂದು ಕೇಳಿದರೂ ಇದೇ ಮಾತು.

ಇಂತಿ,
ಮನೆ ಒಡತಿ


ಅಕ್ಟೋಬರ್ 12

ನರ್ಸಮ್ಮನವರಿಗೆ ನಮಸ್ಕಾರ.

ನಿಮಗೆ ತೊಂದರೆ ಕೊಡಬಾರದು ಅಂತ ಇಷ್ಟು ದಿನ ಬರೆದಿರಲಿಲ್ಲ. ಇವತ್ತು ಬೇರೆ ದಾರಿಯಿಲ್ಲ. ಓದಿ ಹರಿದುಹಾಕಿ.

ಅವನು ಇನ್ನೂ ನಮ್ಮ ಗುಂಪಿನಲ್ಲೇ ಇದ್ದಾನೆ. ಆಗಾಗ ಒಂದೊಂದು ಹಳೇ ಫೋಟೋ ಹಾಕ್ತಾನೆ. ನಾನು 'ಚೆನ್ನಾಗಿದೆ' ಅಂತ ಬರೀತೀನಿ. ಅವನನ್ನ ತೆಗೆದುಹಾಕಿಸಬಹುದಿತ್ತು, ಆದರೆ ಫೋಟೋ ಹಾಕ್ತಿರೋ ತನಕ ಅವನು ಇನ್ನೂ ಹುಡುಕ್ತಿದ್ದಾನೆ, ಸಿಕ್ಕಿಲ್ಲ ಅಂತ ಅರ್ಥ. ಹಾಕೋದು ನಿಲ್ಲಿಸಿಬಿಟ್ಟರೆ ಅನ್ನೋದೇ ನನ್ನ ಭಯ. ದಿನಾ ಎದ್ದ ಕೂಡಲೇ ಮೊದಲು ನೋಡೋದು ಅದನ್ನೇ.

ನಿನ್ನೆ ಸೀಟಿ ಮಾಸ್ತರ್ ಅಂಗಡಿಗೆ ಬಂದರು. ವಯಸ್ಸಾದವರು, ಹಾಲಿನಂಥ ಮನಸ್ಸು, ಗುಂಪಲ್ಲಿ ನನ್ನ ಹಳೇ ಗೆಳೆಯರು. ನನ್ನ ಕಥೆ ಯಾವುದೂ ಅವರಿಗೆ ಗೊತ್ತಿರಲಿಲ್ಲ. ಯಾವುದೋ ಊರಿಗೆ ಪಂದ್ಯಾವಳಿ ನೋಡೋಕೆ ಹೋಗಿದ್ದರಂತೆ. ಲಕೋಟೆಯೊಂದನ್ನ ಮೇಜಿನ ಮೇಲಿಟ್ಟು, ಬಾಯಿತುಂಬ ನಗ್ತಾ, ಗ್ಯಾಲರೀಲಿ ಒಬ್ಬಳು ಹೆಂಗಸು ನಿಂತಿದ್ದಳು ಕಣಯ್ಯ, ಥೇಟು ನಿಮ್ಮಪ್ಪನ ದವಡೆ, ಪಕ್ಕದಲ್ಲಿ ಒಂದು ಹುಡುಗಿ, ಇಡೀ ಮೈದಾನಕ್ಕೆ ಅವಳದ್ದೇ ಗಂಟಲು ಅಂದರು. ಫೋಟೋ ತೆಗೆದು, ಪದ್ಧತಿ ಪ್ರಕಾರ ಹಿಂಬದೀಲಿ ಊರಿನ ಹೆಸರೂ ಬರೆದಿದ್ದರು. ಇವತ್ತು ಗುಂಪಿಗೆ ಹಾಕ್ತೀನಿ, ಅದಕ್ಕೆ ಮುಂಚೆ ನಿನ್ನ ಭೂತಗನ್ನಡೀಲಿ ಒಂದು ಸಲ ನೋಡಿ ಹೇಳು ಅಂದರು.

ನಾನು ಕೌಂಟರ್ ಹಾರಿದೆ ಅಂತಲೇ ಹೇಳಬೇಕು. ಅವರ ಬಾಯಿಗೆ ಕೈ ಅಡ್ಡ ಹಿಡಿದೆ. ಊರಿನ ಹೆಸರು ಅವರ ನಾಲಿಗೆ ತುದೀಲಿತ್ತು. ಬಾಗಿಲು ಹಾಕಿ ಎಲ್ಲ ಹೇಳಿದೆ, ಮೀಸೆಯಿಂದ ಹಿಡಿದು ನಿಮ್ಮ ಅಂಗಳದ ತನಕ. ಆ ಹಿರಿಯರು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟರು. ನನ್ನ ಮುಂದೆಯೇ ಫೋನಿನಲ್ಲಿದ್ದದ್ದನ್ನ ಅಳಿಸಿದರು. ಬೇರೆ ಯಾರಿಗೂ ತೋರಿಸಿಲ್ಲ ಅಂತ ಆಣೆ ಮಾಡಿದರು.

ಲಕೋಟೆ ಮೇಜಿನ ಮೇಲೇ ಇತ್ತು. ಅಂಟಿಸಿಯೂ ಇರಲಿಲ್ಲ ಅಮ್ಮಾ. ಬೆರಳಲ್ಲಿ ಎತ್ತಿದ್ದರೆ ಸಾಕಿತ್ತು, ನನ್ನ ಪುಟ್ಟಿ ಬಡವಾಗಿದ್ದಾಳಾ, ಮರಿ ಎಷ್ಟು ಉದ್ದ ಆಗಿದ್ದಾಳೆ, ಎಲ್ಲ ಕಾಣಿಸ್ತಿತ್ತು. ನನ್ನ ಜನ್ಮದಲ್ಲಿ ಯಾವ ಫೋಟೋವನ್ನೂ ನೋಡದೆ ಬಿಟ್ಟವನಲ್ಲ ನಾನು. ಮಾಸ್ತರ್ ಕೈಗೆ ಬೆಂಕಿಪೊಟ್ಟಣ ಕೊಟ್ಟು, ನೀವೇ ಸುಟ್ಟುಬಿಡಿ ಅಂತ ಹೇಳಿ, ಗೋಡೆ ಕಡೆ ತಿರುಗಿ ನಿಂತೆ. ವಾಸನೆ ಬಂದಾಗ ಅಳು ತಡೆಯಲಾಗಲಿಲ್ಲ.

ಮಾಸ್ತರ್ ಕಣ್ಣಿಗೆ ಬಿದ್ದವರು ಅವನ ಕಣ್ಣಿಗೂ ಬೀಳ್ತಾರೆ. ಎಲ್ಲಿ ಮ್ಯಾಚು ನಡೆದರೂ ಅವಳು ಮಗಳನ್ನ ಕರ್ಕೊಂಡು ಹೋಗೇ ಹೋಗ್ತಾಳೆ ಅಂತ ಅವನಿಗೂ ಇಷ್ಟು ಹೊತ್ತಿಗೆ ಹೊಳೆದಿರುತ್ತೆ. ಅವರು ಎಲ್ಲಿದ್ದಾರೆ ಅಂತ ನಿಮಗೆ ಗೊತ್ತಿಲ್ಲ ಅಂದಿರಿ, ನಾನು ನಂಬ್ತೀನಿ. ಆದರೂ ಯಾವುದಾದರೂ ದಾರೀಲಿ ಒಂದು ಮಾತು ತಲುಪೋ ಹಾಗಿದ್ದರೆ ತಲುಪಿಸಿ. ಇನ್ಮೇಲೆ ಮೈದಾನಕ್ಕೆ ಹೋಗಬೇಡಿ ಅಂತ ಹೇಳಿ. ಮರಿಗೆ ಕಿರುಚಬೇಡ ಅಂತ ಹೇಳಿ. ಹೇಳಿದ್ದು ಮಾವ ಅಂತ ಅವಳಿಗೆ ಗೊತ್ತಾಗೋದು ಬೇಡ.

ಮಾತು ಮುಟ್ಟಿತೋ ಇಲ್ಲವೋ ನನಗೆ ತಿಳಿಸಬೇಡಿ.

ಇಂತಿ,
ಪುಟ್ಟಿಯ ಅಣ್ಣ